ಲಿಸ್ಟ್, ಡಿಕ್ಷನರಿ, ಟ್ಯೂಪಲ್, ಸೆಟ್: ಒಂದೇ ಪ್ರೋಗ್ರಾಂನಲ್ಲಿ ನಾಲ್ಕನ್ನೂ ಬಳಸಿ ನೋಡಿದೆ

ಪೈಥಾನ್‌ನಲ್ಲಿ (ಇದೊಂದು ಪ್ರೋಗ್ರಾಮಿಂಗ್ ಭಾಷೆ) ಹಲವು ವ್ಯಾಲ್ಯೂಗಳನ್ನು ಒಟ್ಟಿಗೆ ಇಡಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ 'ಕೆಲಸ ನೋಡಿಕೊಂಡು' ಅನ್ನುತ್ತಾರೆ. ಹಾಗಾಗಿ ಒಂದೇ ಕೆಲಸ ಇಟ್ಟುಕೊಂಡು ನಾಲ್ಕನ್ನೂ ಪ್ರಯತ್ನಿಸಿದೆ. ವಿದ್ಯಾರ್ಥಿಗಳ ಹೆಸರು ಮತ್ತು ಅಂಕ ಇಡಬೇಕು. ಹೆಸರು ಕೊಟ್ಟರೆ ಅಂಕ ಹೇಳಬೇಕು. ಅಷ್ಟೇ.

ಅಂಕ1, ಅಂಕ2, ಅಂಕ3 ಅಂತ ಬೇರೆ ಬೇರೆ ವೇರಿಯಬಲ್ ಮಾಡುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅವುಗಳ ಮೇಲೆ ಲೂಪ್ ಓಡಿಸುವುದು, ಅಂದರೆ ಒಂದೊಂದಕ್ಕೂ ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು, ದೊಡ್ಡ ತಲೆನೋವು.

ಲಿಸ್ಟ್ ಬರೆಯಲು ತುಂಬಾ ಸುಲಭ. ಕೊನೆಗೆ ಸೇರಿಸಲು ಅಪೆಂಡ್ ಇದೆ. ಅಂಕ[0] ಅಂದರೆ ಮೊದಲನೆಯದು, ಅಂಕ[-1] ಅಂದರೆ ಕೊನೆಯದು. ಆದರೆ ನಮ್ಮ ಕೆಲಸಕ್ಕೆ ಎರಡು ಲಿಸ್ಟ್ ಬೇಕಾಯಿತು, ಹೆಸರಿಗೊಂದು, ಅಂಕಕ್ಕೊಂದು. ತೊಂದರೆ ಇಲ್ಲೇ ಇರುವುದು. ಹೆಸರಿನ ಲಿಸ್ಟನ್ನು ಮಾತ್ರ ಸಾರ್ಟ್ ಮಾಡಿದರೆ (ಅಕ್ಷರ ಕ್ರಮಕ್ಕೆ ಜೋಡಿಸಿದರೆ) ಯಾರದೋ ಅಂಕ ಯಾರಿಗೋ ಹೋಗುತ್ತದೆ. ಪೈಥಾನ್ ಎರರ್ ಕೂಡ ಕೊಡುವುದಿಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತದೆ. ಎರರ್ ಬಂದರೆ ಸರಿಪಡಿಸಬಹುದು, ಇಂಥದ್ದು ಗೊತ್ತೇ ಆಗುವುದಿಲ್ಲ ಅಲ್ವಾ?

ಹುಡುಕುವುದಕ್ಕೂ ಲಿಸ್ಟ್ ಮೊದಲಿನಿಂದ ಒಂದೊಂದನ್ನೇ ನೋಡುತ್ತಾ ಹೋಗುತ್ತದೆ. 10 ಲಕ್ಷ ಹೆಸರಿನ ಲಿಸ್ಟ್‌ನಲ್ಲಿ ಇಲ್ಲದ ಹೆಸರು ಕೇಳಿದರೆ 10 ಲಕ್ಷವನ್ನೂ ನೋಡಿಯೇ 'ಇಲ್ಲ' ಅನ್ನುತ್ತದೆ. ನಲವತ್ತು ಹೆಸರಿಗೆ ಇದೇನೂ ಗೊತ್ತಾಗುವುದಿಲ್ಲ ಬಿಡಿ.

ಈ ಕೆಲಸಕ್ಕೆ ಡಿಕ್ಷನರಿಯೇ ಸರಿ. ಅದು ಪ್ರತಿ ಕೀಗೂ (ಹುಡುಕಲು ಬಳಸುವ ಹೆಸರು ಅಥವಾ ನಂಬರ್) ಒಂದು ವ್ಯಾಲ್ಯೂ ಜೋಡಿಸಿಡುತ್ತದೆ. ಅಂಕ["ರವಿ"] ಅಂತ ಬರೆದರೆ ರವಿಯ ಅಂಕ ಬಂತು. ಎರಡು ಲಿಸ್ಟ್ ಇಲ್ಲ, ಲೂಪ್ ಇಲ್ಲ. ಒಳಗೆ ಹ್ಯಾಶ್ ಟೇಬಲ್ (ಕೀಯಿಂದಲೇ ವ್ಯಾಲ್ಯೂ ಇರುವ ಜಾಗ ಲೆಕ್ಕ ಹಾಕುವ ವ್ಯವಸ್ಥೆ) ಇರುವುದರಿಂದ ಹೆಸರುಗಳು ಎಷ್ಟೇ ಹೆಚ್ಚಾದರೂ ಹುಡುಕುವ ಸಮಯ ಸಾಮಾನ್ಯವಾಗಿ ಹಾಗೇ ಇರುತ್ತದೆ. ಸೇರಿಸಿದ ಕ್ರಮ ಉಳಿಯುವುದಿಲ್ಲ ಅಂತ ಹಳೆಯ ಪಾಠಗಳಲ್ಲಿ ಓದಿದ್ದರೆ ಮರೆತುಬಿಡಿ. 2018ರಲ್ಲಿ ಬಂದ ಪೈಥಾನ್ 3.7ರಿಂದ ಆ ಕ್ರಮ ಉಳಿಯುತ್ತದೆ ಅನ್ನುವುದು ಭಾಷೆಯ ನಿಯಮವೇ ಆಗಿದೆ.

ಇದರಲ್ಲೂ ಎರಡು ಕಡೆ ಎಚ್ಚರ ಬೇಕು. ಇಲ್ಲದ ಹೆಸರು ಕೇಳಿದರೆ ಕೀಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಗೆಟ್ ಬಳಸಿದರೆ ಎರರ್ ಬದಲು ನನ್ (None, ಅಂದರೆ 'ಏನೂ ಇಲ್ಲ') ಸಿಗುತ್ತದೆ, ಅಥವಾ ನೀವೇ ಕೊಟ್ಟ ಬೇರೆ ವ್ಯಾಲ್ಯೂ. ಇನ್ನೊಂದು ಇದಕ್ಕಿಂತ ಅಪಾಯ. ತರಗತಿಯಲ್ಲಿ ಇಬ್ಬರು ರವಿ ಇದ್ದರೆ ಎರಡನೆಯವನ ಅಂಕ ಮೊದಲನೆಯವನದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. ಅದಕ್ಕೇ ಕೀ ಆಗಿ ಹೆಸರಿಗಿಂತ ರೋಲ್ ನಂಬರ್ ವಾಸಿ.

ಟ್ಯೂಪಲ್ ಲಿಸ್ಟ್‌ನ ಹಾಗೇ, ಆದರೆ ಒಮ್ಮೆ ಮಾಡಿದ ಮೇಲೆ ಬದಲಿಸಲು ಬರುವುದಿಲ್ಲ. ಇಡೀ ತರಗತಿಯನ್ನು ಇದರಲ್ಲಿಟ್ಟರೆ ಒಬ್ಬ ಹೊಸಬ ಸೇರಿದರೂ ಹೊಸ ಟ್ಯೂಪಲ್ ಮಾಡಬೇಕು. ಆದರೆ ("ರವಿ", 78) ಅಂತ ಒಬ್ಬರ ವಿವರ ಜೋಡಿಸಿಡಲು ಚೆನ್ನಾಗಿದೆ. ಇಂಥ ಟ್ಯೂಪಲ್‌ಗಳ ಒಂದು ಲಿಸ್ಟ್ ಮಾಡಿದರೆ ಸಾರ್ಟ್ ಮಾಡಿದಾಗಲೂ ಹೆಸರು, ಅಂಕ ಬೇರೆಯಾಗುವುದಿಲ್ಲ. ಒಂದೇ ವ್ಯಾಲ್ಯೂ ಇದ್ದರೆ (78,) ಅಂತ ಕಾಮಾ ಹಾಕಲೇಬೇಕು, ಇಲ್ಲದಿದ್ದರೆ ಅದು ಬರೀ ಸಂಖ್ಯೆ.

ಸೆಟ್ ಈ ಪರೀಕ್ಷೆಯಲ್ಲಿ ಫೇಲ್. ಅದಕ್ಕೆ ಇಂಡೆಕ್ಸ್ (ಎಷ್ಟನೆಯದು ಅನ್ನುವ ಸಂಖ್ಯೆ) ಇಲ್ಲ, ಹೆಸರಿಗೆ ಅಂಕ ಅಂಟಿಸುವ ದಾರಿಯೂ ಇಲ್ಲ. 'ಇವತ್ತು ಯಾರ್ಯಾರು ಬಂದಿದ್ದಾರೆ' ಅನ್ನುವಂಥ ಪ್ರಶ್ನೆಗೆ ಮಾತ್ರ ಸೂಪರ್, ಒಂದೇ ರೋಲ್ ನಂಬರ್ ಎರಡು ಸಲ ಹಾಕಿದರೂ ಒಂದೇ ಉಳಿಯುತ್ತದೆ. ಖಾಲಿ ಸೆಟ್ ಬೇಕಾದರೆ {} ಬರೆಯಬೇಡಿ, ಅದು ಖಾಲಿ ಡಿಕ್ಷನರಿ.

ಕೊನೆಗೆ ನಾನು ಇಟ್ಟುಕೊಂಡಿದ್ದು ರೋಲ್ ನಂಬರ್ ಕೀ ಆಗಿರುವ ಡಿಕ್ಷನರಿ. ಹಾಗಾಗಿ ಈಗ ಹೆಸರಿನ ಬದಲು ರೋಲ್ ನಂಬರ್ ಕೊಟ್ಟು ಅಂಕ ಕೇಳಬೇಕು. ಪ್ರತಿ ಕೀಗೂ ಹೆಸರು, ಅಂಕದ ಒಂದು ಟ್ಯೂಪಲ್. ಅಂಕ ಪದೇ ಪದೇ ತಿದ್ದುವುದಿದ್ದರೆ ಟ್ಯೂಪಲ್ ಜಾಗದಲ್ಲಿ ಲಿಸ್ಟ್ ಹಾಕಿಕೊಳ್ಳಿ.