ಒಂದು ದಿನದ ಮೈಸೂರು: ಟೂರ್ ಬಸ್ಸಾ, ಬಾಡಿಗೆ ಆಟೋನಾ, ಸಿಟಿ ಬಸ್ಸಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಟಿ ಬಸ್ಸಿಗೆ. ಬೆಂಗಳೂರಿನಿಂದ ಬೆಳಗಿನ ರೈಲು ಹತ್ತಿ ರಾತ್ರಿ ವಾಪಸ್ ಬರುವವರು ನಾವು. ಮೂರೂ ರೀತಿ ಸುತ್ತಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಟೂರ್ ಬಸ್ಸಿನ ಆಸೆ ಯಾಕೆ ಅಂತ ಗೊತ್ತೇ ಇದೆ. ಒಂದು ಸೀಟು ಬುಕ್ ಮಾಡಿದರೆ ಬೆಟ್ಟ, ಅರಮನೆ, ಝೂ, ಚರ್ಚು, ಸಂಜೆ ಬೃಂದಾವನ, ಎಲ್ಲ ಅವರೇ ತೋರಿಸುತ್ತಾರೆ. ನಮ್ಮ ಬಸ್ಸು ಚೆನ್ನಾಗೇ ಇತ್ತು, ಗೈಡ್ ಮಾತೂ ಚೆನ್ನಾಗಿತ್ತು. ತೊಂದರೆ ಆಗಿದ್ದು ಅಂಗಡಿಯಿಂದ.

ಬೆಟ್ಟ ಇಳಿದು ಅರಮನೆಗೆ ಅಂತ ಹೊರಟ ಬಸ್ಸು ನಡುವೆ ಒಂದು ರೇಷ್ಮೆ-ಗಂಧದ ಅಂಗಡಿ ಮುಂದೆ ನಿಂತಿತು. "ಹತ್ತೇ ನಿಮಿಷ, ಸುಮ್ನೆ ನೋಡ್ಕೊಂಡು ಬನ್ನಿ" ಅಂದರು. ಒಳಗೆ ಹೋದರೆ ಒಬ್ಬರು ಕೈ ಹಿಡಿದು ಮಣಿಕಟ್ಟಿಗೆ ಗಂಧದೆಣ್ಣೆ ಉಜ್ಜುತ್ತಾರೆ, ಇನ್ನೊಬ್ಬರು ನಾವು ಕೇಳದೇ ಸೀರೆ ಮೇಲೆ ಸೀರೆ ಬಿಚ್ಚಿ ಹಾಕುತ್ತಾರೆ, ಮೂರನೆಯವರು ಊದುಬತ್ತಿ ಹಿಡಿದು ನಿಂತಿರುತ್ತಾರೆ. ಹೊರಗೆ ಬಂದು ನೋಡಿದರೆ ಬಸ್ಸಿನ ಬಾಗಿಲು ಹಾಕಿದೆ, ಡ್ರೈವರ್ ಕಾಣಿಸುತ್ತಿಲ್ಲ. ಬಿಸಿಲಲ್ಲಿ ಮಕ್ಕಳನ್ನು ಹಿಡಿದುಕೊಂಡು ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮುಕ್ಕಾಲು ಗಂಟೆ ಹೋಯಿತು.

ಆ ಮುಕ್ಕಾಲು ಗಂಟೆ ಕಡಿತವಾಗಿದ್ದು ಅರಮನೆಯಲ್ಲಿ. ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಮೊದಲಿದ್ದ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿ, 1912ಕ್ಕೆ ಮುಗಿದ ಕಟ್ಟಡ ಅದು. ಕಲ್ಯಾಣ ಮಂಟಪದಲ್ಲಿ ಕತ್ತೆತ್ತಿ ನಿಂತರೆ ಬಣ್ಣದ ಗಾಜಿನ ಚಾವಣಿಯಲ್ಲಿ ನವಿಲುಗಳು. ಸುತ್ತ ಗೋಡೆ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು, ಒಂದೊಂದು ಮುಖವನ್ನೂ ಬಿಡಿಸಿದ್ದಾರೆ, ಕುದುರೆ, ಆನೆ, ಪೇಟ ಕಟ್ಟಿದ ಜನ. ಅದನ್ನು ನಿಧಾನಕ್ಕೆ ನೋಡಬೇಕು ಅಲ್ವಾ? ನಮ್ಮ ಗೈಡ್ "ಬನ್ನಿ ಬನ್ನಿ, ಝೂಗೆ ಲೇಟ್ ಆಗುತ್ತೆ" ಅಂತ ಎಲ್ಲರನ್ನೂ ಹೊರಡಿಸಿಬಿಟ್ಟರು. ಚಪ್ಪಲಿ ಸ್ಟ್ಯಾಂಡಿನ ಸಾಲಲ್ಲಿ ನಿಂತಷ್ಟು ಹೊತ್ತೂ ದರ್ಬಾರ್ ಹಾಲಿನಲ್ಲಿ ನಿಲ್ಲಲಿಲ್ಲ.

ರೇಷ್ಮೆ ಬೇಕಿದ್ದರೆ ಮಾನಂದವಾಡಿ ರಸ್ತೆಯ ಕೆಎಸ್‌ಐಸಿ ಕಾರ್ಖಾನೆ ಹತ್ತಿರವೇ ಅವರ ಮಳಿಗೆ ಇದೆ, ನೇರ ಅಲ್ಲಿಗೆ ಹೋಗಿ.

ಇನ್ನೊಂದು ವಿಷಯ. ಭಾನುವಾರ ಮತ್ತು ಸರ್ಕಾರಿ ರಜಾದಿನ ಸಂಜೆ 7ರ ಹೊತ್ತಿಗೆ ಅರಮನೆಗೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಟೂರ್ ಬಸ್ಸಿನವರು ಅದೇ ಹೊತ್ತಿಗೆ ನಿಮ್ಮನ್ನು ಕೆಆರ್‌ಎಸ್ ಕಾರಂಜಿ ಮುಂದೆ ನಿಲ್ಲಿಸಿರುತ್ತಾರೆ. ನನ್ನ ಕೇಳಿದರೆ ಭಾನುವಾರ ಬೃಂದಾವನ ಬಿಟ್ಟರೂ ಪರವಾಗಿಲ್ಲ, ದೀಪ ಬಿಡಬೇಡಿ.

ಬಾಡಿಗೆ ಆಟೋ ನಮ್ಮ ಅತ್ತೆಯವರು ಬಂದಾಗ ಮಾಡಿದ್ದು. ಅವರಿಗೆ ಮಂಡಿ ನೋವು. ಬಾಗಿಲಿಗೆ ಕರೆದುಕೊಂಡು ಹೋಗಿ ಬಾಗಿಲಿಂದ ಹತ್ತಿಸಿಕೊಳ್ಳುತ್ತಾರೆ, ಅದಕ್ಕೆ ಬೆಲೆ ಕಟ್ಟೋಕಾಗಲ್ಲ. ಆದರೆ ಹತ್ತುವ ಮೊದಲೇ ಎಷ್ಟು ದುಡ್ಡು, ಎಲ್ಲೆಲ್ಲಿಗೆ ಅಂತ ಮಾತಾಡಿಕೊಳ್ಳಿ, "ಅಂಗಡಿ ಬೇಡ" ಅಂತಲೂ ಹೇಳಿ. ಖರ್ಚು ಮೂರರಲ್ಲಿ ಇದೇ ಜಾಸ್ತಿ.

ಈಗ ಸಿಟಿ ಬಸ್ಸು. ನಗರ ಬಸ್ ನಿಲ್ದಾಣ ಅರಮನೆ ಪಕ್ಕದಲ್ಲೇ ಇದೆ. ಅಲ್ಲಿ 201 ಹತ್ತಿದರೆ ಸೀದಾ ಚಾಮುಂಡಿ ಬೆಟ್ಟ. ಶಕ್ತಿ ಯೋಜನೆ ಬಂದ ಮೇಲೆ ನನಗೂ ಅತ್ತಿಗೆಗೂ ಆಧಾರ್ ತೋರಿಸಿದರೆ ಟಿಕೆಟ್ ದುಡ್ಡು ಇಲ್ಲ, ಎಸಿ ಬಸ್ಸಿಗೆ ಮಾತ್ರ ಇದು ನಡೆಯಲ್ಲ. ಬೆಳಗ್ಗೆ ಬಿಸಿಲು ಏರೋ ಮೊದಲು ಬೆಟ್ಟಕ್ಕೆ ಹೋಗಿ, ದರ್ಶನ ಮುಗಿಸಿ, ಇಳಿಯುವಾಗ ಮೆಟ್ಟಿಲು ಹಿಡಿಯಿರಿ. ಒಟ್ಟು ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಆದರೆ ಇಳಿಯೋದು ತಾನೇ. ಮಧ್ಯೆ ಒಂದೇ ಬಂಡೆಯಲ್ಲಿ ಕಡೆದ ನಂದಿ ಸಿಗುತ್ತದೆ, 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಮಾಡಿಸಿದ್ದು. ಕೊರಳ ಗಂಟೆಗಳ ಸರವನ್ನು ಹತ್ತಿರ ನಿಂತು ನೋಡಿ, ಕಲ್ಲು ಅಂತ ಮರೆತೇ ಹೋಗುತ್ತದೆ. ಪಾದದಿಂದ ಊರೊಳಕ್ಕೆ ಒಂದು ಆಟೋ ಹಿಡಿಯಿರಿ.

ಆಮೇಲೆ ಅರಮನೆಗೆ ಎರಡು ಗಂಟೆ ಕೊಡಿ. ಅಲ್ಲಿಂದ ದೇವರಾಜ ಮಾರ್ಕೆಟ್‌ಗೆ ನಡೆದೇ ಹೋಗಬಹುದು. ಮಾರು ಮಲ್ಲಿಗೆ, ರಾಶಿ ರಾಶಿ ಕುಂಕುಮ, ಬಾಳೆಹಣ್ಣಿನ ಸಾಲು. ಅದಕ್ಕೆ ಆತುಕೊಂಡೇ ಇರುವ ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್. ಟೂರ್ ಬಸ್ಸಿನ ಪಟ್ಟಿಯಲ್ಲಿ ಮಾರ್ಕೆಟ್ ಇರಲೇ ಇಲ್ಲ, ನನಗೆ ಮೈಸೂರು ಇಷ್ಟವಾಗಿದ್ದೇ ಅಲ್ಲಿ.

ಮಧ್ಯಾಹ್ನ ನೆರಳು ಬೇಕೆನಿಸಿದರೆ ಜಗನ್ಮೋಹನ ಅರಮನೆ, ರವಿವರ್ಮನ ಚಿತ್ರಗಳಿವೆ. ಮಕ್ಕಳಿದ್ದರೆ ಝೂ, ಆದರೆ ಅದಕ್ಕೆ ಅರ್ಧ ದಿನ ಬೇಕು, ಮಂಗಳವಾರ ರಜೆ ಅನ್ನೋದೂ ನೆನಪಿರಲಿ.

ಬಸ್ಸಿನಲ್ಲಿ ಕಷ್ಟ ಇಲ್ಲ ಅಂತಲ್ಲ. ಭಾನುವಾರ ಬೆಟ್ಟದ ಬಸ್ಸಿಗೆ ನೂಕುನುಗ್ಗಲು, ಎಷ್ಟೋ ಸಲ ನಿಂತೇ ಹೋಗಬೇಕು. ಬೃಂದಾವನ ಸುಮಾರು 20 ಕಿಲೋಮೀಟರ್ ದೂರ, ಬಸ್ಸಿನಲ್ಲಿ ಹೋದರೆ ರಾತ್ರಿ ರೈಲಿನ ಸಮಯ ನೋಡಿಕೊಂಡೇ ಹೊರಡಬೇಕು. ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿಯೇ ತೀರಬೇಕು ಅನ್ನುವವರು ಟೂರ್ ಬಸ್ಸೇ ಹತ್ತಿ, ಆದರೆ ಬುಕ್ ಮಾಡುವಾಗ ಅರಮನೆಗೆ ಎಷ್ಟು ಹೊತ್ತು, ಅಂಗಡಿ ಎಷ್ಟು ಅಂತ ಕೇಳಿಯೇ ದುಡ್ಡು ಕೊಡಿ. ವಯಸ್ಸಾದವರಿದ್ದರೆ ಆಟೋ. ನಾವಂತೂ ಮುಂದಿನ ಸಲವೂ 201ಕ್ಕೇ, ಅದೂ ಭಾನುವಾರವೇ.