ಒಬ್ಬರೇ ದೋಣಿ ಎಳೆಯುವುದಾದರೆ ಯಾವ ವಿಂಚ್, ಯಾವ ಟ್ರೇಲರ್, ಯಾವ ಘಾಟಿ?

ಕೊಡಗಿನಲ್ಲಿ ದೊಡ್ಡ ಮೋಟಾರ್ ದೋಣಿ ಇಟ್ಟುಕೊಂಡವರಿಗೆ ನೀರಿಗಿಂತ ರಸ್ತೆಯ ಚಿಂತೆಯೇ ಜಾಸ್ತಿ. ಕಾವೇರಿ ಇದೆ, ಹಾರಂಗಿ ಇದೆ. ಆದರೆ 21 ಅಡಿಯ ಫೈಬರ್ ದೋಣಿ, ಹಿಂದೆ 115 ಅಶ್ವಶಕ್ತಿಯ ಎಂಜಿನ್ ಅಂದರೆ ಅದಕ್ಕೆ ತಕ್ಕ ನೀರು ಕರಾವಳಿಯಲ್ಲೇ ಸಿಗುವುದು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಅಷ್ಟನ್ನೂ ಇಳಿಯಬೇಕು, ವಾಪಸ್ ಬರುವಾಗ ಅಷ್ಟನ್ನೂ ಹತ್ತಬೇಕು. ನನ್ನ ದೋಣಿ ಮೂರ್ನಾಡು ಕಡೆಯ ತೋಟದ ಶೆಡ್ಡಿನಲ್ಲಿದೆ. ಹೋಗುವುದು ಹೆಚ್ಚಾಗಿ ನಾನೊಬ್ಬನೇ. ತೋಟದ ಕೆಲಸದವರನ್ನು ಮೀನು ಹಿಡಿಯಲು ಕರೆದುಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ನೆಂಟರು ಬರುತ್ತೇನೆ ಅಂದವರೂ ಬೆಳಗಿನ ಜಾವ ನಾಲ್ಕು ಗಂಟೆ ಅಂದ ಕೂಡಲೇ ಹಿಂದೆ ಸರಿಯುತ್ತಾರೆ.

ಹಾಗಾಗಿ ಬೇರೆ ಬೇರೆ ಸಾಮಾನು, ಬೇರೆ ಬೇರೆ ವಿಧಾನ ಹಾಕಿ ನೋಡಿದ್ದೇನೆ. ಹೋಲಿಸುವಾಗ ಒಂದೇ ಪ್ರಶ್ನೆ ಇಟ್ಟುಕೊಂಡೆ. ದೋಣಿಯನ್ನು ನೀರಿನಿಂದ ಟ್ರೇಲರಿಗೆ ಹತ್ತಿಸುವಾಗ ಎರಡನೇ ಮನುಷ್ಯ ನಿಜವಾಗಿ ಏನು ಮಾಡುತ್ತಾನೆ? ಎಳೆಯುವುದಿಲ್ಲ. ದೋಣಿಯ ಹಿಂಭಾಗ ಅಡ್ಡ ತಿರುಗದ ಹಾಗೆ ಹಿಡಿದು ನಿಲ್ಲುತ್ತಾನೆ. ರಿವರ್ಸ್ ಬರುವಾಗ ಲಾರಿ ಕ್ಲೀನರ್ ಹಾಗೆ "ಬರ್ಲಿ, ಬರ್ಲಿ, ಸಾಕ್" ಅನ್ನುತ್ತಾನೆ. ಈ ಎರಡು ಕೆಲಸ ಮಾಡಿಕೊಡುವ ಸಾಮಾನು ಯಾವುದೋ ಅದೇ ಒಂಟಿ ಮನುಷ್ಯನಿಗೆ ಒಳ್ಳೆಯ ಸಾಮಾನು. ಮಿಕ್ಕದ್ದೆಲ್ಲ ಆಮೇಲೆ.

ಮೊದಲು ತೂಕದ ಲೆಕ್ಕ. ದೋಣಿ, ಎಂಜಿನ್, ಪೆಟ್ರೋಲ್, ಬ್ಯಾಟರಿ, ಲಂಗರು ಎಲ್ಲ ಸೇರಿ ಹತ್ತಿರ ಹತ್ತಿರ 1,200 ಕೆಜಿ. ಟ್ರೇಲರ್ 500. ಅಂದರೆ ಗಾಡಿಯ ಹಿಂದೆ 1.7 ಟನ್. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರನ್ನು ಸರಿಯಾಗಿ ಕಟ್ಟಿದರೆ ನೂರು ಅಡಿಗೆ 12ರಿಂದ 15 ಅಡಿ ಇಳಿತ ಇರುತ್ತದೆ. ಅಂಥ ಕಡೆ ನೀರಿನಿಂದ ಪೂರ್ತಿ ಹೊರಗೆ ಬಂದ 1,200 ಕೆಜಿ ದೋಣಿ ಎಳೆಯಲು ಬೇಕಾಗುವ ಬಲ ಸುಮಾರು 145ರಿಂದ 180 ಕೆಜಿ, ಉಜ್ಜಾಟ ಬೇರೆ. ವಿಂಚ್ ಅಂದರೆ ಪಟ್ಟಿ ಸುತ್ತಿಕೊಂಡು ದೋಣಿಯನ್ನು ಟ್ರೇಲರ್ ಮೇಲಕ್ಕೆ ಎಳೆಯುವ ಸಾಧನ. ಗೇರ್ ಇರುವ ಕೈ ವಿಂಚಿಗೆ ಇದು ದೊಡ್ಡ ಭಾರ ಅಲ್ಲವೇ ಅಲ್ಲ. "ಇಷ್ಟು ದೊಡ್ಡ ದೋಣಿಗೆ ಕರೆಂಟ್ ವಿಂಚೇ ಬೇಕು" ಅನ್ನುವವರು ಈ ಲೆಕ್ಕ ಒಮ್ಮೆ ಹಾಕಬೇಕು.

ಕರೆಂಟ್ ವಿಂಚನ್ನೂ ಹಾಕಿ ನೋಡಿದೆ. 12 ವೋಲ್ಟಿನದು, ಗಾಡಿಯ ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆಯಬೇಕು. ರಿಮೋಟ್ ಕೈಯಲ್ಲಿ ಹಿಡಿದು ದೋಣಿಯ ಪಕ್ಕದಲ್ಲೇ ನಿಲ್ಲಬಹುದು, ಒಂದು ಕೈ ದೋಣಿಯ ಮೇಲೆ ಇಡಬಹುದು. ಒಬ್ಬರೇ ಇರುವಾಗ ಇದು ದೊಡ್ಡ ಲಾಭ, ಅದನ್ನು ಒಪ್ಪಲೇಬೇಕು. ಆದರೆ ಮೋಟಾರಿಗೆ ಏನೂ ಗೊತ್ತಾಗುವುದಿಲ್ಲ. ದೋಣಿಯ ತಳ ರೋಲರಿನ ಬದಿಗೆ ಸಿಕ್ಕಿಕೊಂಡರೂ ಅದು ಎಳೆಯುತ್ತಲೇ ಇರುತ್ತದೆ. ಕೈ ವಿಂಚಿನಲ್ಲಿ ಹಿಡಿ ಬಿಗಿಯಾದದ್ದು ಅಂಗೈಗೆ ತಕ್ಷಣ ತಿಳಿಯುತ್ತದೆ. ನಿಲ್ಲಿಸಿ, ಸರಿ ಮಾಡಿ, ಮತ್ತೆ ತಿರುಗಿಸಬಹುದು. ಇನ್ನು ಉಪ್ಪುನೀರು. ಕರೆಂಟ್ ವಿಂಚಿನ ವೈರಿನ ತುದಿಗಳು ಹಸಿರುಗಟ್ಟುವುದು ಬಹಳ ಬೇಗ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತರಂತೂ ಹೇಳುವುದೇ ಬೇಡ.

ಕೈ ವಿಂಚಿನಲ್ಲೂ ಎರಡು ಜಾತಿ. ಬರೀ ಹಲ್ಲು ಕಚ್ಚುವ ಕೊಕ್ಕೆ ಇರುವುದು ಒಂದು, ಒಳಗೆ ತಾನಾಗಿ ಹಿಡಿಯುವ ಬ್ರೇಕ್ ಇರುವುದು ಇನ್ನೊಂದು. ಕೊಕ್ಕೆಯದು ಅಗ್ಗ. ಆದರೆ ಭಾರ ಇರುವಾಗ ಕೊಕ್ಕೆ ತಪ್ಪಿದರೆ ಹಿಡಿ ರಪ್ಪನೆ ಹಿಂದಕ್ಕೆ ತಿರುಗುತ್ತದೆ, ಮೊಣಕೈ ಮುರಿಯುವಷ್ಟು ಜೋರಾಗಿ. ಪಕ್ಕದಲ್ಲಿ ಯಾರೂ ಇಲ್ಲದಾಗ ಆ ಅಪಾಯ ಬೇಡ. ಬ್ರೇಕ್ ಇರುವ, ಎರಡು ವೇಗದ ಕೈ ವಿಂಚೇ ನನ್ನ ಆಯ್ಕೆ. ಸಡಿಲ ಪಟ್ಟಿ ಸುತ್ತಲು ಬೇಗದ ಗೇರ್, ಕೊನೆಯ ನಾಲ್ಕಾರು ಅಡಿಗೆ ನಿಧಾನದ ಗೇರ್. ಉಕ್ಕಿನ ಹಗ್ಗ ಬೇಡ, ನೈಲಾನ್ ಪಟ್ಟಿ ಹಾಕಿ. ಉಕ್ಕಿನ ಎಳೆ ಬಿಚ್ಚಿಕೊಂಡರೆ ಕೈಗೆ ಚುಚ್ಚುತ್ತದೆ, ತುಂಡಾದರೆ ಚಾಟಿಯೇಟು ಬೀಳುತ್ತದೆ.

ಮೂರನೆಯ ದಾರಿ, ಎಂಜಿನ್ ಓಡಿಸಿಕೊಂಡೇ ದೋಣಿಯನ್ನು ಟ್ರೇಲರ್ ಮೇಲೆ ಹತ್ತಿಸುವುದು. ನೋಡಲು ಚೆಂದ, ಬೇಗವೂ ಆಗುತ್ತದೆ. ಅಮೆರಿಕದಲ್ಲಿ ಹಲವು ಕಡೆ ಇದನ್ನು ನಿಷೇಧಿಸಿದ್ದಾರೆ. ಕಾರಣ, ಪ್ರೊಪೆಲರ್ ಹಿಂದಕ್ಕೆ ತಳ್ಳುವ ನೀರು ಇಳಿಜಾರಿನ ಕೊನೆಯಲ್ಲಿ ಮಣ್ಣು ಕೊರೆದು ಗುಂಡಿ ಮಾಡುತ್ತದೆ. ಮುಂದಿನವರ ಟ್ರೇಲರ್ ಚಕ್ರ ಅದರೊಳಗೆ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಕಾಂಕ್ರೀಟ್ ಮುಗಿದ ಕಡೆ ಮೆದು ಮರಳು, ಕೆಸರು. ಅಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಒಂಟಿ ಮನುಷ್ಯನಿಗೆ ಬೇರೆ ಒಂದು ತೊಡಕಿದೆ. ದೋಣಿ ಹತ್ತಿಸಿದ ಮೇಲೆ ವಿಂಚಿನ ಪಟ್ಟಿಯ ತುದಿಯ ಕೊಕ್ಕೆ ಸಿಕ್ಕಿಸಲು ಮೂತಿಯ ಮೇಲಿಂದ ಕೆಳಗೆ ಇಳಿಯಬೇಕು. ಅಷ್ಟರಲ್ಲಿ ದೋಣಿ ಹಿಂದಕ್ಕೆ ಜಾರದೆ ನಿಲ್ಲುತ್ತದೆಯೇ? ಅದು ಟ್ರೇಲರ್ ಎಂಥದ್ದು ಅನ್ನುವುದನ್ನು ಅವಲಂಬಿಸಿದೆ.

ಇಲ್ಲಿಗೇ ಬರಬೇಕಿತ್ತು. ಟ್ರೇಲರಿನಲ್ಲಿ ದೋಣಿ ಕೂರುವುದು ಕಾರ್ಪೆಟ್ ಸುತ್ತಿದ ಉದ್ದ ಹಲಗೆಗಳ ಮೇಲೆ, ಇಲ್ಲವೇ ರಬ್ಬರ್ ರೋಲರುಗಳ ಮೇಲೆ. ಹಲಗೆಯ ಮೇಲೆ ದೋಣಿ ಗಟ್ಟಿಯಾಗಿ ಕೂರುತ್ತದೆ, ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಎಂಜಿನ್ ಓಡಿಸಿ ಹತ್ತಿಸುವವರಿಗೆ ಹಲಗೆಯೇ ಸರಿ, ಜಾರುವುದಿಲ್ಲ. ಆದರೆ ಹಲಗೆ ಟ್ರೇಲರನ್ನು ಆಳಕ್ಕೆ ಮುಳುಗಿಸಬೇಕು, ಮಡ್‌ಗಾರ್ಡ್ ನೀರಿಗೆ ತಾಗುವ ತನಕ. ಇನ್ನೂ ಆಳಕ್ಕೆ ಹೋದರೆ ದೋಣಿ ಹಲಗೆಯ ಮೇಲೆ ತೇಲುತ್ತಾ ಅತ್ತಿತ್ತ ಹೋಗುತ್ತದೆ. ನೇತ್ರಾವತಿಯ ದಂಡೆಯಲ್ಲಿ ಇಳಿತದ ಹೊತ್ತಿಗೆ ಸೆಳವು ಅಡ್ಡಡ್ಡ ಹರಿಯುತ್ತದೆ, ದೋಣಿಯ ಹಿಂಭಾಗ ಸಮುದ್ರದ ಕಡೆ ತಿರುಗುತ್ತದೆ. ಹಿಡಿದುಕೊಳ್ಳುವವರು ಬೇಕಾಗುವುದು ಆಗಲೇ. ದಡದಲ್ಲಿ ಬಲೆ ಸರಿಪಡಿಸುತ್ತಿರುವವರು "ಎಂತ ಸಾರ್, ಒಬ್ಬರೇ ಬಂದದ್ದಾ? ನಾವು ಹಿಡೀಬೇಕಾ?" ಅಂತ ಎದ್ದು ಬರುತ್ತಾರೆ. ಒಳ್ಳೆಯ ಜನ. ಆದರೆ ದಿನಾ ಅವರನ್ನೇ ನಂಬಿ ಹೋಗುವುದು ಸರಿಯಲ್ಲ, ಅಲ್ವಾ?

ರೋಲರ್ ಟ್ರೇಲರನ್ನು ಇಷ್ಟು ಮುಳುಗಿಸಬೇಕಾಗಿಲ್ಲ. ಚಕ್ರದ ನಡುಭಾಗದ ಹಬ್ ನೀರಿಗೆ ತಾಗುವ ಮೊದಲೇ ಮೂತಿ ಮೊದಲ ರೋಲರಿಗೆ ಬಂದು ಕೂರುತ್ತದೆ. ಆಮೇಲೆ ವಿಂಚ್ ತಿರುಗಿಸಿದ ಹಾಗೆ ದೋಣಿ ತಾನೇ ನಡುವಿಗೆ ಬರುತ್ತದೆ. ತೊಂದರೆ ಎಂದರೆ ಇಳಿಸುವಾಗ. ನೀರು ಸಿಗುವ ಮೊದಲೇ ವಿಂಚಿನ ಪಟ್ಟಿ ಬಿಚ್ಚಿದರೆ ಇಡೀ ದೋಣಿ ಉರುಳಿಕೊಂಡು ಕಾಂಕ್ರೀಟಿನ ಮೇಲೆ ಬೀಳುತ್ತದೆ. ಟ್ರೇಲರ್ ನೀರಿಗೆ ಇಳಿಯುವ ತನಕ ಪಟ್ಟಿಗೂ ಮೂತಿಯ ಸರಪಳಿಗೂ ಕೈ ಹಚ್ಚಬಾರದು. ಈ ಒಂದು ಶಿಸ್ತು ಇಟ್ಟುಕೊಂಡರೆ ರೋಲರ್ ಮತ್ತು ಕೈ ವಿಂಚಿನ ಜೋಡಿಗೆ ಸಾಟಿ ಇಲ್ಲ. ಹಲಗೆ ಟ್ರೇಲರಿಗೆ ಕೈ ವಿಂಚ್ ಮಾತ್ರ ಹಾಕಿದರೆ ಬೆನ್ನು ನೋವು. ರೋಲರ್ ಟ್ರೇಲರಿಗೆ ಎಂಜಿನ್ ಓಡಿಸಿ ಹತ್ತಿಸಿದರೆ ದೋಣಿ ಜಾರುವ ಭಯ. ಟ್ರೇಲರ್ ಬೇರೆ, ವಿಂಚ್ ಬೇರೆ ಅಂತ ಯೋಚಿಸದೆ ಎರಡನ್ನೂ ಒಟ್ಟಿಗೆ ಆರಿಸಬೇಕು.

ಹಗ್ಗದ ವಿಷಯವನ್ನೂ ಹೇಳಬೇಕು. ಮೂತಿಗೆ ಒಂದು, ಹಿಂಭಾಗಕ್ಕೆ ಒಂದು ಉದ್ದ ಹಗ್ಗ ಕಟ್ಟಿ, ಎರಡನ್ನೂ ದಡದಿಂದಲೇ ಹಿಡಿದರೆ ದೋಣಿಯನ್ನು ಸೆಳವಿಗೆ ಎದುರಾಗಿ ತಿರುಗಿಸಿ ನಿಲ್ಲಿಸಬಹುದು. ದುಡ್ಡಿಲ್ಲದೆ ಸಿಗುವ ಎರಡನೇ ಮನುಷ್ಯ ಇದು. ಸಾಧ್ಯವಾದರೆ ಉಬ್ಬರ ಏರುತ್ತಿರುವಾಗ ಕೆಲಸ ಮಾಡಿ. ಸಿಕ್ಕಿಕೊಂಡ ದೋಣಿಯನ್ನು ನೀರೇ ಎತ್ತಿಕೊಡುತ್ತದೆ.

ಈಗ ಘಾಟಿ. ಮೂರ್ನಾಡು ಕಡೆಯಿಂದ ಎರಡು ದಾರಿ. ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಆಗಿ ಮಂಗಳೂರು. ಇಲ್ಲವೇ ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಆಗಿ ಕಣ್ಣೂರು. ಮಾಕುಟ್ಟದ್ದು ದೂರ ಕಡಿಮೆ, ಆದರೆ ಕಾಡಿನ ನಡುವೆ ರಸ್ತೆ ಕಿರಿದು. ಬಸ್ಸು ಎದುರಾದರೆ ಟ್ರೇಲರ್ ಸಮೇತ ಹಿಂದೆ ಸರಿಯುವ ಪ್ರಸಂಗ ಬರುತ್ತದೆ. ತಿರುವಿನಲ್ಲಿ ಟ್ರೇಲರ್ ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ, ಒಳಗಿನ ಚಕ್ರ ಚರಂಡಿಗೆ ಇಳಿಯದ ಹಾಗೆ ಅಗಲವಾಗಿ ತಿರುಗಿಸಲು ಜಾಗ ಸಾಲದು. ಸಂಪಾಜೆಯ ದಾರಿ ರಾಷ್ಟ್ರೀಯ ಹೆದ್ದಾರಿ 275. ಇಳಿಜಾರು ಉದ್ದ, ಆದರೆ ಅಗಲ ಇದೆ, ಅಲ್ಲಲ್ಲಿ ನಿಲ್ಲಿಸಲು ಜಾಗ ಇದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಸುತ್ತ ಗುಡ್ಡ ಜರಿದು ಇದೇ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಳೆಗಾಲದಲ್ಲಿ ಎರಡೂ ಬೇಡ. ಹೇಗೂ ಜೂನ್, ಜುಲೈ ಕರಾವಳಿಯಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಒಬ್ಬರೇ ಎಳೆಯುವುದಾದರೆ ಸಂಪಾಜೆಯೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆ ಇಳಿಜಾರಿನಲ್ಲಿ ಜೀವ ಉಳಿಸುವುದು ಟ್ರೇಲರಿನ ಬ್ರೇಕ್. ಸರ್ಜ್ ಬ್ರೇಕ್ ಅನ್ನುವುದು ಸರಳ. ಗಾಡಿ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡವೇ ಬ್ರೇಕ್ ಹಿಡಿಸುತ್ತದೆ. ಸಪಾಟು ರಸ್ತೆಯಲ್ಲಿ ಇದರಷ್ಟು ಒಳ್ಳೆಯದು ಇಲ್ಲ. ಆದರೆ ಮಡಿಕೇರಿಯಿಂದ ಸಂಪಾಜೆ ತನಕ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಯುವಾಗ ಟ್ರೇಲರ್ ಉದ್ದಕ್ಕೂ ಗಾಡಿಯನ್ನು ಒತ್ತುತ್ತಲೇ ಇರುತ್ತದೆ. ಬ್ರೇಕ್ ಬಿಡುವುದೇ ಇಲ್ಲ, ಹಬ್ ಕೈ ಇಡಲಾಗದಷ್ಟು ಬಿಸಿ. ಅಲ್ಲಲ್ಲಿ ನಿಲ್ಲಿಸಿ ಆರಿಸಿಕೊಂಡೇ ಇಳಿಯಬೇಕು. ಮನೆಗೆ ಬಂದು ಏರಿನ ಮೇಲೆ ಶೆಡ್ಡಿಗೆ ರಿವರ್ಸ್ ಹಾಕಿದರೂ ಬ್ರೇಕ್ ಹಿಡಿದು ನಿಲ್ಲುತ್ತದೆ, ಅದನ್ನು ತಡೆಯುವ ಪಿನ್ ಹಾಕಬೇಕು. ಕರೆಂಟಿನಿಂದ ಪಂಪ್ ಓಡಿಸಿ ಹೈಡ್ರಾಲಿಕ್ ಬ್ರೇಕ್ ಹಿಡಿಸುವ ವ್ಯವಸ್ಥೆ ದುಬಾರಿ. ಆದರೆ ಹತೋಟಿ ಡ್ರೈವರ್ ಸೀಟಿನಲ್ಲೇ ಇರುತ್ತದೆ. ಟ್ರೇಲರ್ ತೂಗಾಡಲು ಶುರು ಮಾಡಿದರೆ ಗಾಡಿಯ ಬ್ರೇಕ್ ಮುಟ್ಟದೆ ಟ್ರೇಲರಿನದ್ದನ್ನು ಮಾತ್ರ ಮೆಲ್ಲಗೆ ಹಿಡಿದರೆ ನೇರವಾಗುತ್ತದೆ. ನಮ್ಮ ಘಾಟಿಗೆ ಇದಕ್ಕೆ ಖರ್ಚು ಮಾಡಿದ ದುಡ್ಡು ದಂಡವಲ್ಲ. ವಿಂಚಿನಲ್ಲಿ ಉಳಿಸಿ, ಬ್ರೇಕಿಗೆ ಹಾಕಿ.

ತೂಗಾಟಕ್ಕೆ ಮೂಲ ಕಾರಣ ಹೆಚ್ಚಿನ ಸಲ ಹಿಚ್ಚಿನ ಮೇಲೆ, ಅಂದರೆ ಗಾಡಿಗೆ ಟ್ರೇಲರ್ ಸಿಕ್ಕಿಸುವ ಜಾಗದ ಮೇಲೆ, ಭಾರ ಕಡಿಮೆ ಇರುವುದು. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಹಿಚ್ಚಿನ ಮೇಲೆ ಇರಬೇಕು. ನನ್ನದಕ್ಕೆ 170 ಕೆಜಿ. ಅಳೆಯಲು ತೋಟದಲ್ಲೇ ಸಾಧನ ಇದೆ, ಕಾಫಿ ಮೂಟೆ ತೂಗುವ ಯಂತ್ರ. ಸಪಾಟು ನೆಲದಲ್ಲಿ ಆ ಯಂತ್ರದ ಮೇಲೆ ಹಿಚ್ಚಿನ ಎತ್ತರಕ್ಕೆ ಬರುವ ಹಾಗೆ ಒಂದು ಮರದ ದಿಮ್ಮಿ ಇಟ್ಟು, ಟ್ರೇಲರಿನ ಮೂತಿಯನ್ನು ದಿಮ್ಮಿಯ ಮೇಲೆ ಕೂರಿಸಿ ನೋಡಿ. ಕಡಿಮೆ ಬಂದರೆ ಲಂಗರು, ಬ್ಯಾಟರಿ ಮುಂದಕ್ಕೆ ಸರಿಸಿ. ದೋಣಿಯೊಳಗೆ ಮಳೆನೀರು ನಿಂತಿದ್ದರೆ ತಳದ ಬಿರಡೆ ತೆಗೆದು ಪೂರ್ತಿ ಹರಿಸಿ. ನೂರು ಲೀಟರ್ ಅಂದರೆ ನೂರು ಕೆಜಿ, ಅದೂ ಹಿಂದುಗಡೆ.

ಗಾಡಿಯ ಆಯ್ಕೆಗೆ ಹೆಚ್ಚು ಮಾತು ಬೇಡ. ತೋಟದ ಹಳೇ ಜೀಪು ದೋಣಿ ಹೊತ್ತ ಟ್ರೇಲರಿಗಿಂತ ಹಗುರ. ಇಳಿಜಾರಿನಲ್ಲಿ ಅದು ಎಳೆಯುವುದಿಲ್ಲ, ಹಿಂದಿನ ಭಾರ ಅದನ್ನು ತಳ್ಳುತ್ತದೆ. ರಸ್ತೆಗೆ ಉದ್ದನೆಯ ಡಬಲ್ ಕ್ಯಾಬ್ ಪಿಕಪ್ ಬೇಕು, ನಾಲ್ಕೂ ಚಕ್ರಕ್ಕೆ ಬಲ, ಲೋ ಗೇರ್ ಇರಬೇಕು. ಪಾಚಿ ಕಟ್ಟಿದ ಇಳಿಜಾರಿನಲ್ಲಿ ಲೋ ಗೇರ್ ಇಲ್ಲದಿದ್ದರೆ ಕ್ಲಚ್ ಸುಡುತ್ತದೆ. ಜೀಪನ್ನು ಮಾರಬೇಡಿ. ಅದರ ಮುಂದಿನ ಬಂಪರಿಗೆ ಒಂದು ಹಿಚ್ ಬಾಲ್ (ಟ್ರೇಲರಿನ ಮೂತಿ ಕೂರುವ ಗುಂಡು) ಹಾಕಿಸಿ. ಶೆಡ್ಡಿಗೆ ಟ್ರೇಲರನ್ನು ಕಣ್ಣೆದುರಿಗೇ ಇಟ್ಟುಕೊಂಡು ಒಬ್ಬರೇ ತಳ್ಳಬಹುದು.

ಕಾಗದಪತ್ರ: ಟ್ರೇಲರಿಗೆ ಬೇರೆಯೇ ನೋಂದಣಿ, ಬೇರೆ ನಂಬರ್. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನದಿಗೆ ಇಳಿಸುವ ಎಂಜಿನ್ ದೋಣಿಗೂ ನೋಂದಣಿ ಬೇಕು.

ಘಾಟಿ ಇಳಿದ ಕೂಡಲೇ ನೀರಿಗೆ ಇಳಿಸಬೇಡಿ. ಬಿಸಿ ಹಬ್ ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಗ್ರೀಸ್ ಹಾಳಾಗುತ್ತದೆ. ಅರ್ಧ ಗಂಟೆ ಚಾ ಕುಡಿಯಿರಿ. ಆ ಹೊತ್ತಿನಲ್ಲಿ ಲೈಟಿನ ವೈರ್ ಬಿಚ್ಚಿ, ಹಗ್ಗ ಕಟ್ಟಿ, ಬಿರಡೆ ಹಾಕಿ. ಇಳಿಜಾರಿನಲ್ಲಿ ಗಾಡಿ ಬಿಟ್ಟು ದೋಣಿಯ ಕಡೆ ಹೋಗುವ ಮೊದಲು ಹ್ಯಾಂಡ್ ಬ್ರೇಕ್, ಗೇರ್, ಟೈರಿಗೆ ಅಡ್ಡ ಮರದ ತುಂಡು, ಮೂರೂ ಆಗಬೇಕು.

ಕೊನೆಯ ಹೋಲಿಕೆ ರಿವರ್ಸಿನದು. ಖಾಲಿ ಟ್ರೇಲರ್ ನೀರಿಗೆ ಇಳಿದ ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಕ್ಯಾಮರಾ ಹಿಚ್ ಸಿಕ್ಕಿಸುವಾಗ ಬಹಳ ಉಪಕಾರಿ, ಬಾಲಿನ ನೇರಕ್ಕೆ ಒಂದೇ ಸಲಕ್ಕೆ ಬರಬಹುದು. ಆದರೆ ನೀರಿನ ಹತ್ತಿರ ಅದರ ಗಾಜಿಗೆ ಹನಿ ಕೂತರೆ ಏನೂ ಕಾಣದು. ಟ್ರೇಲರಿನ ಹಿಂಬದಿಯ ಎರಡೂ ಮಗ್ಗುಲಿಗೆ ನಿಲ್ಲಿಸಿದ ಎತ್ತರದ ಕಂಬಗಳು ಕನ್ನಡಿಯಲ್ಲಿ ಯಾವಾಗಲೂ ಕಾಣುತ್ತವೆ. ಟ್ರೇಲರ್ ಎಲ್ಲಿದೆ, ಎಷ್ಟು ಮುಳುಗಿದೆ ಎಂದು ಹೇಳುವುದೂ ಅವೇ, ದೋಣಿ ಹತ್ತುವಾಗ ಹಿಂಭಾಗವನ್ನು ಸೆಳವಿಗೆ ಬಿಡದೆ ಹಿಡಿಯುವುದೂ ಅವೇ. ಎರಡು ಕಬ್ಬಿಣದ ಪೈಪು, ಮೇಲೆ ಪಿವಿಸಿ ಹೊದಿಕೆ, ನಾಲ್ಕು ಯು ಬೋಲ್ಟ್ ಸಾಕು. ಕಲಾಯಿ ಹಾಕಿದ ಪೈಪನ್ನೇ ಕೇಳಿ. ಹಾಕಿಸಿದ ಮೇಲೆ ಮಳೆಗಾಲದಲ್ಲಿ ಕಾಫಿ ಕಣದಲ್ಲಿ ಅಭ್ಯಾಸ ಮಾಡಿ. ಕೊಯ್ಲು ಇಲ್ಲದೆ ಕಣ ಖಾಲಿ ಇರುತ್ತದೆ, ಪಾಚಿ ಕಟ್ಟಿ ಜಾರುತ್ತಲೂ ಇರುತ್ತದೆ. ಎರಡು ಕಂಬಗಳೂ ಎರಡು ಕನ್ನಡಿಗಳಲ್ಲಿ ಸಮವಾಗಿ ಕಾಣುವ ಹಾಗೆ ಕಣದ ಉದ್ದಕ್ಕೂ ಹಿಂದಕ್ಕೆ ಹೋಗಲು ಬಂದರೆ, ಅಕ್ಟೋಬರಿನಲ್ಲಿ ಒಬ್ಬರೇ ಹೊರಡಬಹುದು.