ಮೂರು ವರ್ಷ ಬಳಸಿದ ಪುಟ್ಟ ಮಿಡಿ ಕೀಬೋರ್ಡ್: ಕೀ ಎಲ್ಲ ಸರಿ, ಆ ಪಿಚ್ ವೀಲ್ ಒಂದು ಬಿಟ್ಟು

2022ರ ದೀಪಾವಳಿಗೆ ತಗೊಂಡಿದ್ದು. 25 ಮಿನಿ ಕೀ, ಒಂದಷ್ಟು ನಾಬು, ಎಡಗಡೆ ಎರಡು ಸಣ್ಣ ವೀಲ್. ಇದಕ್ಕೆ ಸ್ವಂತ ಸದ್ದಿಲ್ಲ, ಒತ್ತಿದ್ದನ್ನೆಲ್ಲ ಅಂಕಿಯಾಗಿ (ಅದೇ ಮಿಡಿ) ಕಂಪ್ಯೂಟರಿಗೆ ಕಳಿಸುತ್ತೆ, ಸದ್ದು ಹೊರಡಿಸೋದು ಅಲ್ಲಿನ ಸಾಫ್ಟ್‌ವೇರ್. ಕಂಪನಿ ಹೆಸರು ಬರೆಯಲ್ಲ. ನಾನು ಹೇಳೋ ತೊಂದರೆ ಅಗ್ಗದ ಸ್ಪ್ರಿಂಗ್ ಇರುವ ಯಾವ ಕೀಬೋರ್ಡಿನಲ್ಲೂ ಬರಬಹುದು. ಸ್ಪೆಸಿಫಿಕೇಶನ್ ಎಲ್ಲ ನೀವು ಆಗಲೇ ನೋಡಿರುತ್ತೀರಿ, ಅದನ್ನೂ ಬಿಡೋಣ.

ನನ್ನದು ಹಾರ್ಮೋನಿಯಂ ಕೈ. ಧಾರವಾಡದಲ್ಲಿ ಓದುವಾಗ ಆರೇಳು ವರ್ಷ ಕಲಿತೆ. ಬಲಗೈ ಸ್ವರದ ಮೇಲೆ, ಎಡಗೈ ತಿದಿಯ ಮೇಲೆ. ಈ ಕೀಬೋರ್ಡ್ ಬಂದ ಮೊದಲ ವಾರ ಎಡಗೈಗೆ ಕೆಲಸವೇ ಇಲ್ಲದೆ ಸುಮ್ನೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಬಲಗೈಯದ್ದು ಇನ್ನೊಂದು ಕತೆ. ಹಾರ್ಮೋನಿಯಂನಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೂ ಅಷ್ಟೇ, ಗುದ್ದಿದರೂ ಅಷ್ಟೇ, ಸದ್ದು ಬರೋದು ಗಾಳಿಯಿಂದ. ಇಲ್ಲಿ ಎಷ್ಟು ಜೋರಾಗಿ ಒತ್ತಿದೆವು ಅನ್ನೋದು 1ರಿಂದ 127ರವರೆಗಿನ ಅಂಕಿಯಾಗಿ ಕಂಪ್ಯೂಟರಿಗೆ ಹೋಗುತ್ತೆ. ರೆಕಾರ್ಡ್ ಮಾಡಿ ನೋಡಿದರೆ ನನ್ನ ಎಲ್ಲ ಸ್ವರವೂ 100ರ ಆಸುಪಾಸಿನಲ್ಲಿ ಸಾಲಾಗಿ ನಿಂತಿದ್ದವು, ಶಾಲೆ ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ.

ಆಮೇಲೆ ಎಡಗೈಗೆ ಕೆಲಸ ಸಿಕ್ಕಿತು. ಆ ಎರಡು ವೀಲಿನಲ್ಲಿ ಒಂದು ಮಾಡ್ಯುಲೇಶನ್ ವೀಲ್, ಅದನ್ನು ಕೊಳಲಿನ ಸ್ಯಾಂಪಲ್‌ನ (ರೆಕಾರ್ಡ್ ಮಾಡಿಟ್ಟ ಕೊಳಲಿನ ಸದ್ದು) ವಾಲ್ಯೂಮಿಗೆ ಜೋಡಿಸಿದೆ. ಅದೇ ನನ್ನ ತಿದಿ! ಪಕ್ಕದಲ್ಲೇ ಪಿಚ್ ವೀಲ್, ಸ್ವರವನ್ನು ಮೇಲೆ ಕೆಳಗೆ ಜಾರಿಸೋದು. ಹಾರ್ಮೋನಿಯಂನವರ ಹಳೇ ಸಂಕಟ ಗೊತ್ತಲ್ವಾ, ಅದರಲ್ಲಿ ಮೀಂಡ್ ಬರಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೆ ಆಗಲ್ಲ, ಹಾರಬೇಕು. ಯಮನ್ ರಾಗದಲ್ಲಿ ಪಂಚಮದಿಂದ ರಿಷಭಕ್ಕೆ ಇಳಿಯೋ ಆ ಎಳೆತ ಗಾಯಕರ ಬಾಯಲ್ಲಿ ಕೇಳಿ ಕೇಳಿ, ಪೆಟ್ಟಿಗೆ ಮುಂದೆ ಕೂತು ಹೊಟ್ಟೆ ಉರಿಸಿಕೊಂಡಿದ್ದೆ. ಈಗ ಅದು ಹೆಬ್ಬೆರಳಿನ ಕೆಳಗೆ ಬಂತು.

ಇದಕ್ಕೊಂದು ಉಪಾಯ ಬೇಕು, ಅದನ್ನ ಕಂಡುಕೊಳ್ಳೋಕೆ ತಿಂಗಳು ಹಿಡಿಯಿತು. ಪಿಚ್ ಬೆಂಡ್ ರೇಂಜ್, ಅಂದರೆ ವೀಲ್ ಸ್ವರವನ್ನು ಎಷ್ಟು ದೂರ ಜಾರಿಸುತ್ತೆ ಅನ್ನೋದು, ಸಾಮಾನ್ಯವಾಗಿ ಎರಡು ಸೆಮಿಟೋನ್‌ಗೆ (ಸೆಮಿಟೋನ್ ಅಂದರೆ ಅರ್ಧ ಸ್ವರ) ಸೆಟ್ ಆಗಿರುತ್ತೆ. ಪ ಮತ್ತು ರಿ ನಡುವೆ ಇರೋದು ಐದು. ಹಾಗಾಗಿ ಸಾಫ್ಟ್‌ವೇರ್ ವಾದ್ಯದಲ್ಲಿ ರೇಂಜ್ ಅನ್ನು 5 ಮಾಡಿಕೊಂಡೆ. ಪಂಚಮ ಒತ್ತಿ ವೀಲನ್ನು ಕೆಳಗೆ ಎಳೆದರೆ ರಿಷಭ ಬರುತ್ತೆ, ಸರಿ, ಆದರೆ ಬೆರಳು ಬಿಟ್ಟ ತಕ್ಷಣ ಸ್ಪ್ರಿಂಗು ವೀಲನ್ನು ಮತ್ತೆ ನಡುವಿಗೆ ತರುತ್ತೆ, ಸ್ವರದ ಬಾಲ ಬೆಕ್ಕಿನ ಹಾಗೆ ಮಿಯಾಂವ್ ಅಂತ ಮೇಲೆ ಹೋಗುತ್ತೆ. ಉಲ್ಟಾ ಮಾಡಬೇಕು. ವೀಲನ್ನು ಮೊದಲೇ ಪೂರ್ತಿ ಮೇಲಕ್ಕೆ ತಳ್ಳಿ ಹಿಡಿದು ರಿಷಭದ ಕೀ ಒತ್ತಿ. ಕೇಳೋದು ಪಂಚಮ. ಈಗ ಹೆಬ್ಬೆರಳನ್ನು ನಿಧಾನಕ್ಕೆ ಸಡಿಲ ಬಿಡ್ತಾ ಬನ್ನಿ, ಸ್ಪ್ರಿಂಗೇ ನಿಮ್ಮನ್ನು ರಿಷಭಕ್ಕೆ ಇಳಿಸುತ್ತೆ. ಮೊದಲ ಸಲ ಸರಿಯಾಗಿ ಬಂದ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಅದೊಂದನ್ನೇ ನಲವತ್ತು ಸಲ ಬಾರಿಸಿರಬೇಕು. ಮನೆಯವರಿಗೆ ಕೇಳಿಸಿದ್ದು ಪ್ಲಾಸ್ಟಿಕ್ಕಿನ ಟಕ್ ಟಕ್ ಅಷ್ಟೇ.

ಊಟ ಆಗಿ, ಮಗಳು ಮಲಗಿದ ಮೇಲೆ ಹತ್ತೂವರೆಗೆ ಕೂರುತ್ತೇನೆ. ಕೀಬೋರ್ಡ್ ಇರೋದು ಹಳೇ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ. ಅದೇ ಟೇಬಲ್. ಹಳೇ ಬನಿಯನ್ ಬಟ್ಟೆಯಿಂದ ಒಂದು ಸಲ ಕೀ ಒರೆಸೋದು, ಕೇಬಲ್ ಚುಚ್ಚೋದು, ಫೋನಿನಲ್ಲಿ ತಂಬೂರಿ ಆ್ಯಪ್ ಹಚ್ಚೋದು. ಕರೆಂಟ್ ಹೋದರೂ ಚಿಂತೆ ಇಲ್ಲ, ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ನಡೆಯುತ್ತೆ.

ಸುಮಾರು ಒಂದೂವರೆ ವರ್ಷ ಹೀಗೇ ಚೆನ್ನಾಗಿ ಹೋಯಿತು. ಆಮೇಲೆ ರಿಷಭ ಕೆಟ್ಟಿತು.

ಮೀಂಡ್ ಇಳಿದೋ ಹತ್ತಿಯೋ ನಿಂತಾಗ ತಂಬೂರಿಯ ಜೊತೆ ಏನೋ ಕಚಕಚ. ಒಂದೊಂದು ಸಲ ಸ್ವಲ್ಪ ಮೇಲೆ, ಒಂದೊಂದು ಸಲ ಸ್ವಲ್ಪ ಕೆಳಗೆ. ನನ್ನ ಕಿವಿಯೇ ಹೋಯಿತು ಅಂದುಕೊಂಡೆ. ನಲವತ್ತೈದಾಯ್ತಲ್ಲ, ಇರಬಹುದು ಅಂತ. ಎರಡು ತಿಂಗಳು ತಂಬೂರಿ ಆ್ಯಪ್ ಬದಲಾಯಿಸಿದೆ, ಸ್ಯಾಂಪಲ್ ಬದಲಾಯಿಸಿದೆ, ಹೆಡ್‌ಫೋನಿಗೂ ಬೈದೆ. ಕೊನೆಗೆ ಒಂದು ಭಾನುವಾರ ಮಿಡಿ ಮಾನಿಟರ್ (ಕೀಬೋರ್ಡ್ ಕಳಿಸೋ ಅಂಕಿ ತೋರಿಸೋ ಆ್ಯಪ್) ತೆರೆದು ಕೂತೆ. ಪಿಚ್ ವೀಲ್ ಕಳಿಸೋದು 0ಯಿಂದ 16383ರವರೆಗಿನ ಅಂಕಿ, ಕೈ ಬಿಟ್ಟಾಗ ಸರಿಯಾಗಿ 8192ಕ್ಕೆ ಬಂದು ನಿಲ್ಲಬೇಕು. ನನ್ನದು ಮೇಲಿಂದ ಬಂದರೆ 8470ರ ಹತ್ತಿರ, ಕೆಳಗಿಂದ ಬಂದರೆ 8000ದ ಹತ್ತಿರ ನಿಲ್ತಿತ್ತು. ರೇಂಜ್ 2 ಇದ್ದರೆ ಆ 8470 ಅಂದರೆ ಏಳು ಸೆಂಟಿನಷ್ಟು ತಪ್ಪು, ಅರ್ಧ ಸ್ವರಕ್ಕೆ ನೂರು ಸೆಂಟ್ ಅಂತ ಲೆಕ್ಕ. ಹಾಡಿನ ಗದ್ದಲದಲ್ಲಿ ಅದು ಯಾರಿಗೂ ಗೊತ್ತಾಗಲ್ಲ. ನನ್ನದು 5, ಅಂದರೆ ಹದಿನೇಳು ಸೆಂಟ್. ತಂಬೂರಿ ಪಕ್ಕದಲ್ಲಿ ಅದು ಹಲ್ಲಿಗೆ ಸಿಕ್ಕ ಕಲ್ಲು. ಯಾರಾದರೂ 12 ಇಟ್ಟುಕೊಂಡಿದ್ದರೆ ನಲವತ್ತು ಸೆಂಟ್, ದೇವರೇ ಕಾಪಾಡಬೇಕು.

ಸರ್ವಿಸಿಗೆ ಬರೆದೆ, ವೀಡಿಯೊ ಸಮೇತ. ಇದು ಸಹಜ, ಇಷ್ಟು ವ್ಯತ್ಯಾಸ ಇದ್ದೇ ಇರುತ್ತೆ ಅಂತ ಎರಡು ಸಾಲು ಉತ್ತರ ಬಂತು, ವಾರಂಟಿ ಮುಗಿದಿದೆ ಅನ್ನೋದನ್ನೂ ಸೇರಿಸಿ. ಆವತ್ತು ಅದನ್ನ ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿದ್ದೆ.

ಮಾರಲಿಲ್ಲ. ನಾನು ಬಳಸೋದು ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಅದರಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದು ಮಿಡಿಯನ್ನು ದಾರಿಯಲ್ಲೇ ತಿದ್ದಬಹುದು. ಹತ್ತು ಸಾಲು. ನಡುವಿನಿಂದ ಆಚೀಚೆ 400ರ ಒಳಗೆ ಬಂದ ಅಂಕಿಯನ್ನೆಲ್ಲ 8192 ಅಂತಲೇ ತಿಳಿ. ಅಷ್ಟೇ. ರಿಷಭ ಮನೆಗೆ ಬಂತು. ಆದರೆ 400ರ ಗಡಿ ದಾಟಿದಾಗ ಸ್ವರ ಚಕ್ ಅಂತ ಎಗರುತ್ತಿತ್ತು. ಉಳಿದ ಅಂಕಿಗಳನ್ನು ಎಳೆದು ಹಂಚಿದ ಮೇಲೆ ಅದೂ ನಿಂತಿತು. ಈಗ ಉಳಿದಿರೋ ತಕರಾರು ದರ್ಬಾರಿ ರಾಗ ಒಂದೇ. ಆ ಕೋಮಲ ಗಾಂಧಾರದ ಮೆಲ್ಲನೆ ತೂಗಾಟ ನಡುವಿನ ಸತ್ತ ಜಾಗದಲ್ಲಿ ಮುಳುಗಿ ಹೋಗುತ್ತೆ. ದರ್ಬಾರಿ ಬಾರಿಸೋ ದಿನ ಸ್ಕ್ರಿಪ್ಟ್ ಆಫ್ ಮಾಡಿ, ವೀಲನ್ನು ಬೆರಳಲ್ಲೇ ಹಿಡಿದುಕೊಂಡಿರುತ್ತೇನೆ.

ತಗೊಳ್ಳಬೇಕಾ? ಬೀಟ್ ಹಾಕೋರು, ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬಾರಿಸೋರು ಈ ಸೈಜಿನದ್ದು ಯಾವುದನ್ನಾದರೂ ತಗೊಳ್ಳಿ, ವೀಲ್ ಕಡೆ ನೋಡಲೂ ಬೇಡಿ. ಎರಡೂ ಕೈಯಲ್ಲಿ ಪಿಯಾನೋ ಕಲಿತವರಿಗೆ 25 ಕೀ ಸಾಲಲ್ಲ, ಸಪ್ತಕ ಬದಲಿಸೋ ಆಕ್ಟೇವ್ ಬಟನ್ ಒತ್ತಿ ಒತ್ತಿ ಬೇಜಾರಾಗುತ್ತೆ. ನಮ್ಮ ಸಂಗೀತ ಬಾರಿಸೋರು ಅಂಗಡಿಗೆ ಒಂದು ಒಟಿಜಿ ಕೇಬಲ್ (ಫೋನಿಗೆ ಯುಎಸ್‌ಬಿ ಸಾಧನ ಜೋಡಿಸೋದು) ತಗೊಂಡು ಹೋಗಿ. ಫೋನಿಗೆ ಚುಚ್ಚಿ, ಮಿಡಿ ಮಾನಿಟರ್ ಆ್ಯಪ್ ತೆರೆದು, ವೀಲನ್ನು ಮೇಲಿಂದ ಹತ್ತು ಸಲ, ಕೆಳಗಿಂದ ಹತ್ತು ಸಲ ಬಿಟ್ಟು ನೋಡಿ. ಹೊಸದರಲ್ಲಿ ಸರಿ ಇದ್ದರೂ ಮುಂದೆ ಸಡಿಲ ಆಗಬಹುದು ಅನ್ನಿ, ಆದರೆ ಹೊಸದರಲ್ಲೇ ಅಲ್ಲಾಡಿದರೆ ಅಲ್ಲೇ ಬಿಟ್ಟು ಬನ್ನಿ. ಅಂಗಡಿಯವನು ವಿಚಿತ್ರವಾಗಿ ನೋಡ್ತಾನೆ, ನೋಡಲಿ.

ನನಗೆ ದೊಡ್ಡದು ತಗೊಳ್ಳೋ ಬಜೆಟ್ ಈ ವರ್ಷ ಇಲ್ಲ, ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಅದು ಕೂರುವುದೂ ಇಲ್ಲ.